ಸಭೆಯಲ್ಲಿ ನಾವು ಹೇಗಿರಬೇಕು?

ಮೈಕು ಕಟ್ಟಿದ ಆಟೊ ಊರೊಳಗೆ ಬಂತು. "ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಶಾಲೆಯ ಹತ್ತಿರ ಗ್ರಾಮಸಭೆ ಇದೆ. ಎಲ್ಲರೂ ಬನ್ನಿ" ಎಂದು ಸಾರಿ ಹೋಯಿತು.

"ಅಯ್ಯೋ, ಅಲ್ಲಿ ಹೋಗಿ ಏನ್ ಮಾಡೋದು? ಬರೀ ಜಗಳ" ಎಂದರು ಒಬ್ಬರು.

"ದೊಡ್ಡೋರು ಮಾತಾಡ್ತಾರೆ. ನಮ್ಮಂಥೋರ ಮಾತು ಯಾರು ಕೇಳ್ತಾರೆ?" ಎಂದರು ಇನ್ನೊಬ್ಬರು.

ಇಂಥ ಮಾತನ್ನು ನಾವೂ ಎಷ್ಟೋ ಸಲ ಆಡಿದ್ದೇವೆ. ಆದರೆ ಗ್ರಾಮಸಭೆ ಯಾರದು? ದೊಡ್ಡವರದೇ? ಅಲ್ಲ. ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರು ಇರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಓಟು ಹಾಕುವ ನಾವೆಲ್ಲ ಸದಸ್ಯರೇ. ನಮ್ಮ ರಾಜ್ಯದಲ್ಲಿ ಪಂಚಾಯತ್ ರಾಜ್ ಕಾನೂನು 1993ರಲ್ಲಿ ಬಂತು. ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ನಡೆಯಬೇಕು ಎಂದು ಕಾನೂನು ಹೇಳುತ್ತದೆ. ಸರ್ಕಾರದ ಮನೆ ಯಾರಿಗೆ ಸಿಗಬೇಕು, ನೀರು, ಚರಂಡಿ, ದೀಪ ಎಲ್ಲಿ ಬೇಕು ಎಂಬ ಮಾತೆಲ್ಲ ಅಲ್ಲೇ ಆಗಬೇಕು.

ಒಂದು ಊರನ್ನು ನೆನೆಸಿಕೊಳ್ಳೋಣ. ಅಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಗಂಡ ಇಲ್ಲ. ಮಳೆ ಬಂದರೆ ಮನೆಯೆಲ್ಲ ಸೋರುತ್ತದೆ. ಮನೆ ಕೇಳಬೇಕು ಅಂತ ಕೂಲಿ ಬಿಟ್ಟು ಸಭೆಗೆ ಬಂದಿದ್ದಾಳೆ. ಅಷ್ಟರಲ್ಲಿ ಇಬ್ಬರಿಗೆ ಮಾತು ಹತ್ತಿತು. ಹಳೆಯ ಬದುವಿನ ಜಗಳ ಹೊರಗೆ ಬಂತು. "ನಿಮ್ಮಪ್ಪ ಎಂಥೋನು ಗೊತ್ತಿಲ್ವಾ?" ಎಂದ ಒಬ್ಬ. ಇನ್ನೊಬ್ಬ ಕುರ್ಚಿ ಎತ್ತಿದ. ಜನ ಎದ್ದರು. ಸಭೆ ಮುರಿಯಿತು. ಆ ಮೇಲೆ ನಾಲ್ಕು ಜನ ಒಳಗೆ ಕೂತು ಪಟ್ಟಿ ಬರೆದರು. ಅದರಲ್ಲಿ ಅಜ್ಜಿಯ ಹೆಸರು ಇಲ್ಲ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಜಗಳವಾಡಿದವರಿಗೆ ಏನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಬಾಯಿ ಬಿಡದ ಅಜ್ಜಿಗೆ. ಅದಕ್ಕೇ ಸಭೆಗೆ ಕೆಲವು ನಡತೆಗಳು ಬೇಕು.

ಒಬ್ಬರು ಮಾತಾಡಲಿ, ಉಳಿದವರು ಕೇಳೋಣ

ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲ. ಗಂಟಲು ದೊಡ್ಡದಿದ್ದವನೇ ಗೆಲ್ಲುತ್ತಾನೆ. ಕೈ ಎತ್ತೋಣ. ನಮ್ಮ ಸರದಿ ಬಂದಾಗ ಎದ್ದು ಹೇಳೋಣ. ಹೇಳುವುದನ್ನು ಚಿಕ್ಕದಾಗಿ ಹೇಳಿ ಕೂರೋಣ.

ಕೆಲಸದ ಬಗ್ಗೆ ಕೇಳೋಣ, ಮನುಷ್ಯನನ್ನು ಬೈಯುವುದು ಬೇಡ

"ನೀನು ಕಳ್ಳ" ಎಂದರೆ ಜಗಳ ಶುರುವಾಗುತ್ತದೆ. ಲೆಕ್ಕ ಹಾಗೇ ಉಳಿಯುತ್ತದೆ. "ಅಧ್ಯಕ್ಷರೇ, ಬೋರಿನ ಮೋಟರ್ ರಿಪೇರಿಗೆ ಎಷ್ಟು ಖರ್ಚಾಯ್ತು? ಬಿಲ್ ತೋರಿಸಿ" ಎಂದು ಕೇಳಿದರೆ ಉತ್ತರ ಕೊಡಲೇಬೇಕು. ಮರ್ಯಾದೆಯಿಂದ ಇರುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಲ್ಲ. ತಪ್ಪು ಕಂಡರೆ ಕೇಳಲೇಬೇಕು. ಗಟ್ಟಿಯಾಗಿ ಕೇಳೋಣ, ಕೆಟ್ಟದಾಗಿ ಬೇಡ.

ಕಂಡದ್ದು ಯಾವುದು, ಕೇಳಿದ್ದು ಯಾವುದು?

"ಯಾರೋ ಅಂದ್ರು" ಎನ್ನುವ ಮಾತನ್ನು ನಂಬಿ ಒಬ್ಬರ ಮೇಲೆ ಆರೋಪ ಹೊರಿಸಬಾರದು. ಆಮೇಲೆ ಅದು ಸುಳ್ಳು ಎಂದು ತಿಳಿದರೂ ಅವರ ಹೆಸರು ಕೆಟ್ಟಿರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಣ್ಣಾರೆ ಕಂಡದ್ದನ್ನು ಕಂಡೆ ಎನ್ನೋಣ. ಕೇಳಿದ್ದನ್ನು ನಿಜವೇ ಎಂದು ವಿಚಾರಿಸೋಣ.

ಎಲ್ಲರಿಗೂ ಜಾಗ, ಎಲ್ಲರಿಗೂ ಮಾತು

ಮುಂದೆ ಜಮಖಾನದ ಮೇಲೆ ಯಾರು ಕೂತಿದ್ದಾರೆ? ಹಿಂದೆ ಗೋಡೆಗೆ ಒರಗಿ ಯಾರು ನಿಂತಿದ್ದಾರೆ? ಸುಮ್ಮನೆ ಒಂದು ಸಲ ತಿರುಗಿ ನೋಡಿ. ಹಿಂದೆ ನಿಂತವರನ್ನು ಕರೆದು ಕೂರಿಸುವುದು ನಮ್ಮ ಕೆಲಸ. ಹೆಂಗಸರು ಎದ್ದು ನಿಂತಾಗ "ನಿಂಗ್ಯಾಕಮ್ಮ ಇದೆಲ್ಲ?" ಎನ್ನಬಾರದು. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಹೆಂಡತಿ ಸದಸ್ಯೆಯಾದರೆ ಹೆಂಡತಿಯೇ ಮಾತಾಡಲಿ. ಗಂಡ ಉತ್ತರ ಕೊಡುವುದು ಬೇಡ.

ಜಾತಿ ಹಿಡಿದು ಬೈಯುವುದು ಕೆಟ್ಟ ನಡತೆ ಅಷ್ಟೇ ಅಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ನಾಲ್ಕು ಜನರ ಎದುರಿಗೆ ಹಾಗೆ ಬೈದರೆ ಅದು ಅಪರಾಧ. 1989ರ ಕಾನೂನಿನಲ್ಲಿ ಇದಕ್ಕೆ ಶಿಕ್ಷೆ ಇದೆ. ಅಂಥ ಮಾತು ಬಂದಾಗ ಕೇಳಿಸಿಕೊಂಡು ಸುಮ್ಮನೆ ಕೂತರೆ ನಮ್ಮದೂ ತಪ್ಪೇ.

ನಮ್ಮವರ ಹೆಸರು ಬಂದಾಗ

ಮನೆಯ ಪಟ್ಟಿಯಲ್ಲಿ ನಮ್ಮ ತಮ್ಮನ ಹೆಸರು ಇದೆ ಎನ್ನೋಣ. ಆಗ "ಇವನು ನನ್ನ ತಮ್ಮ. ತೀರ್ಮಾನ ನೀವೇ ಮಾಡಿ" ಎಂದು ಹೇಳಿ ಸುಮ್ಮನಿರುವುದು ನ್ಯಾಯ. ನಮಗಿಂತ ಬಡವರು ಇದ್ದರೆ ಅವರಿಗೆ ಮೊದಲು ಸಿಗಲಿ ಎನ್ನುವುದು ದೊಡ್ಡತನ.

ಓದಿ, ಆಮೇಲೆ ರುಜು ಹಾಕಿ

ಸಭೆಯಲ್ಲಿ ಆದ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಏನು ಬರೆದಿದ್ದಾರೋ ಗೊತ್ತಾಗುತ್ತಿರಲಿಲ್ಲ. ಈಗ ನಮಗೆ ಓದಲು ಬರುತ್ತದೆ. ಖಾಲಿ ಹಾಳೆಗೆ ರುಜು ಹಾಕಬಾರದು. "ಎಲ್ಲರಿಗೂ ಕೇಳುವ ಹಾಗೆ ಓದಿ" ಎಂದು ಹೇಳೋಣ. ಆಡಿದ್ದು ಒಂದು, ಬರೆದದ್ದು ಇನ್ನೊಂದು ಆಗಿದ್ದರೆ ಅಲ್ಲೇ ತಿದ್ದಿಸೋಣ. ನಾವು ಅಕ್ಷರ ಕಲಿತದ್ದು ಇಂಥ ಹೊತ್ತಿಗೂ ಬೇಕು.

ಸಭೆಯಲ್ಲಿ ಆದ ಮಾತು ಸಭೆಗೇ ಮುಗಿಯಲಿ. ಬೆಳಿಗ್ಗೆ ವಾದ ಮಾಡಿದವರು ಸಂಜೆ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವಂತೆ ಇರಬೇಕು. ನಾವು ಬಾಳುವುದು ಒಂದೇ ಊರಿನಲ್ಲಿ ತಾನೆ?

ಮುಂದಿನ ಸಭೆಗೆ ನಾವೆಲ್ಲ ಹೋಗೋಣ. ಆ ಅಜ್ಜಿಯಂಥವರನ್ನು ಜೊತೆಗೆ ಕರೆದುಕೊಂಡು ಹೋಗೋಣ. ಅವರು ಮಾತಾಡಿ ಮುಗಿಸುವ ತನಕ ಎಲ್ಲರೂ ಕೇಳೋಣ.

ಯೋಚಿಸಿ, ಮಾತಾಡಿ

1. ನಿಮ್ಮ ಊರಿನ ಹಿಂದಿನ ಗ್ರಾಮಸಭೆಯಲ್ಲಿ ಯಾರು ಮಾತಾಡಿದರು? ಯಾರು ಮಾತಾಡಲಿಲ್ಲ?
2. "ನೀರು ಬಿಡೋನು ಸೋಮಾರಿ" ಎಂಬ ಮಾತನ್ನು ಸಭೆಯಲ್ಲಿ ಹೇಗೆ ಕೇಳಬಹುದು?
3. ಮುಂದಿನ ಸಭೆಯಲ್ಲಿ ನೀವು ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯಿರಿ.