ನಾರು ಬೆರೆತ ಸುಣ್ಣದ ಗಾರೆ: ಪಾರಂಪರಿಕ ಕಟ್ಟಡಗಳ ದುರಸ್ತಿಗೆ ತಕ್ಕ ಸಾಮಗ್ರಿ

ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಕೋಟೆ, ಅರಮನೆ, ವಾಡೆಗಳನ್ನು ಸಿಮೆಂಟಿನಿಂದ ದುರಸ್ತಿ ಮಾಡಿದಾಗ ಸಿಮೆಂಟು ಗಟ್ಟಿಯಾಗಿ ಉಳಿದು, ಪಕ್ಕದ ಇಟ್ಟಿಗೆ ಅಥವಾ ಮೆದುಗಲ್ಲು ಪುಡಿಯಾಗಿ ಉದುರುವುದುಂಟು. ದೋಷವಿರುವುದು ಸಿಮೆಂಟಿನ ಗುಣಮಟ್ಟದಲ್ಲಲ್ಲ, ಅದರ ಅತಿಯಾದ ಗಡಸುತನದಲ್ಲಿ. 53 ದರ್ಜೆಯ ಸಿಮೆಂಟಿಗೆ 28 ದಿನಗಳಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ಬಲವಿರಬೇಕು. ಯುರೋಪಿನ ಇ.ಎನ್. 459 ಮಾನಕದ 3.5 ದರ್ಜೆಯ ಹೈಡ್ರಾಲಿಕ್ ಸುಣ್ಣಕ್ಕೆ ಕನಿಷ್ಠ 3.5 ನ್ಯೂಟನ್ ಸಾಕು.

ಸಿಮೆಂಟಿನ ಮೂಲಕ ಸುಲಭವಾಗಿ ಹೊರಬರಲಾರದ ತೇವವು ಕಲ್ಲು, ಇಟ್ಟಿಗೆಗಳ ಮೂಲಕ ಆವಿಯಾಗುತ್ತದೆ. ಅದರೊಡನೆ ಸಾಗುವ ಲವಣಗಳು ಅಲ್ಲಿಯೇ ಹರಳುಗಟ್ಟಿ ಮೇಲ್ಪದರವನ್ನು ಸಿಡಿಸುತ್ತವೆ. ಆದುದರಿಂದ ಸವೆಯಬೇಕಾದುದು ಗಾರೆಯೇ ಹೊರತು ಗೋಡೆಯಲ್ಲ.

ನಾರಿನ ಪಾತ್ರ

ಸುಣ್ಣದ ಗಾರೆಗೂ ಮಿತಿಗಳಿವೆ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಗಾರೆಯಲ್ಲಿ ಹರಡಿದ ನಾರು ಬಿರುಕಿನ ಎರಡು ಅಂಚುಗಳನ್ನು ಹೊಲಿಗೆಯಂತೆ ಹಿಡಿದು, ಅದು ಅಗಲವಾಗದಂತೆ ತಡೆಯುತ್ತದೆ. ನಾರಿನಿಂದ ಗಾರೆಯ ಭಾರ ಹೊರುವ ಶಕ್ತಿ ಹೆಚ್ಚೇನೂ ಏರುವುದಿಲ್ಲ. ಗಾರೆ ಒಮ್ಮೆಲೇ ಕಳಚಿ ಬೀಳದಿರುವುದೇ ಅದರ ಲಾಭ.

ಇದು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನಲ್ಲಿ ಸುಣ್ಣದ ಗಿಲಾವಿಗೆ ದನ, ಮೇಕೆಗಳ ಕೂದಲನ್ನು ಬೆರೆಸುತ್ತಿದ್ದರು. ಎಲ್ಲೋರಾ ಗುಹೆಗಳ ಮಣ್ಣಿನ ಗಿಲಾವಿನಲ್ಲಿ ಭಂಗಿ ಗಿಡದ ನಾರು ಇರುವುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ನಾರಿನ ಆಯ್ಕೆ

ಹಸಿ ಸುಣ್ಣವು ತೀವ್ರ ಕ್ಷಾರ. ಸಾಮಾನ್ಯ ಗಾಜಿನ ನಾರು ಅದರಲ್ಲಿ ಕ್ರಮೇಣ ಸವೆಯುತ್ತದೆ. ಜಿರ್ಕೋನಿಯಾ ಬೆರೆತ, ಕ್ಷಾರ ತಡೆಯುವ ಗಾಜಿನ ನಾರೇ ಬೇಕು. ಪಾಲಿಪ್ರೊಪಿಲೀನ್ ಕ್ಷಾರಕ್ಕೆ ಕೆಡುವುದಿಲ್ಲ. ಸೆಣಬು, ಕತ್ತಾಳೆ, ತೆಂಗಿನ ನಾರುಗಳು ಅಗ್ಗವಾದರೂ ಕ್ಷಾರ ಮತ್ತು ತೇವಗಳಿಗೆ ದುರ್ಬಲಗೊಳ್ಳಬಹುದು. ತುಮಕೂರು, ಹಾಸನ ಜಿಲ್ಲೆಗಳ ನಾರು ಉದ್ಯಮಿಗಳು ಪರೀಕ್ಷೆಯಿಲ್ಲದೆ ಈ ಮಾರುಕಟ್ಟೆಗೆ ಇಳಿಯುವುದು ಸೂಕ್ತವಲ್ಲ.

ಪ್ರಮಾಣವೂ ಮುಖ್ಯ. ಗಾತ್ರದ ಶೇ. 0.1ರಂತೆ ಲೆಕ್ಕ ಹಾಕಿದರೆ ಒಂದು ಘನ ಮೀಟರ್ ಗಾರೆಗೆ ಪಾಲಿಪ್ರೊಪಿಲೀನ್ ಸುಮಾರು 0.9 ಕಿಲೋ ಮಾತ್ರ. ನಾರು ಅತಿಯಾದರೆ ಉಂಡೆಗಟ್ಟುತ್ತದೆ. ಕೆಲಸಗಾರರು ನೀರು ಹೆಚ್ಚಿಸುತ್ತಾರೆ. ಗಾರೆ ಇನ್ನಷ್ಟು ಕುಗ್ಗುತ್ತದೆ.

ತಯಾರಕರು ಗಮನಿಸಬೇಕಾದುದು

ಭಾರತೀಯ ಮಾನಕ ಐ.ಎಸ್. 712 ಕಟ್ಟಡ ಸುಣ್ಣವನ್ನು ‘ಎ’ಯಿಂದ ‘ಎಫ್’ವರೆಗೆ ವಿಂಗಡಿಸುತ್ತದೆ. ‘ಎ’ ಹೆಚ್ಚು ಹೈಡ್ರಾಲಿಕ್ ಗುಣವುಳ್ಳದ್ದು, ‘ಸಿ’ ಕೊಬ್ಬು ಸುಣ್ಣ. ಚೀಲದ ಮೇಲೆ ಸುಣ್ಣದ ವರ್ಗ, ನಾರಿನ ಜಾತಿ, ಉದ್ದ ಹಾಗೂ ತೂಕಗಳನ್ನು ನಮೂದಿಸುವುದು ಒಳಿತು. ಬೇಗ ಗಟ್ಟಿಯಾಗಲೆಂದು ಗುಟ್ಟಾಗಿ ಸಿಮೆಂಟು ಬೆರೆಸಿದ ‘ಸುಣ್ಣದ ಗಾರೆ’ ಗಿರಾಕಿಗೆ ಮಾಡುವ ಮೋಸ ಮಾತ್ರವಲ್ಲ. ಶತಮಾನಗಳಿಂದ ನಿಂತ ಗೋಡೆಗೂ ಅಪಾಯ. ಗಾರೆ ಕೆಟ್ಟರೆ ಕೆರೆದು ಮತ್ತೆ ಬಳಿಯಬಹುದು. ಉದುರಿಹೋದ ಹಳೆಯ ಕಲ್ಲನ್ನು ಯಾವ ಕಾರ್ಖಾನೆಯೂ ತಯಾರಿಸಿಕೊಡಲಾರದು.