ನೋವನ್ನು ಬಚ್ಚಿಡಬೇಕೆ?

ಶಸ್ತ್ರಚಿಕಿತ್ಸೆಯ ಬಳಿಕ ನೋವನ್ನು ಬಾಯಿಬಿಡದೆ ಸಹಿಸುವುದೇ ಭಕ್ತಿಯೆಂದು ಭಾವಿಸುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಆದರೆ ಯಾತನೆಯನ್ನು ಸಹಿಸಲೇಬೇಕೆಂಬ ಕಟ್ಟುಪಾಡು ಕ್ರೈಸ್ತರಿಗಿಲ್ಲ, ಅರಿವಳಿಕೆಯ ನೆರವು ಪಡೆಯುವುದು ತಪ್ಪಲ್ಲ ಎಂದು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರ ಫೆಬ್ರವರಿ 24ರಂದು ವೈದ್ಯರಿಗೆ ಸ್ಪಷ್ಟಪಡಿಸಿದ್ದರು. ನೋವನ್ನು ಬಚ್ಚಿಟ್ಟವರು ಆಳವಾಗಿ ಉಸಿರೆಳೆಯರು, ಕೆಮ್ಮರು. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ತಗಲುವುದುಂಟು.

ನೋವಿನ ಕುರಿತು ಮುಂಚಿತವಾಗಿ ಮಾತನಾಡುವುದೂ ಒಂದು ಚಿಕಿತ್ಸೆಯೇ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು, ಹೊಟ್ಟೆಯ ಶಸ್ತ್ರಚಿಕಿತ್ಸೆಗೊಳಗಾದ 97 ರೋಗಿಗಳ ಅಧ್ಯಯನವನ್ನು 1964ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಮೊದಲೇ, ನೋವು ಎಲ್ಲಿ ಬರುವುದು, ಎಷ್ಟು ಕಾಲವಿರುವುದು, ಸ್ನಾಯುಗಳನ್ನು ಸಡಿಲಿಸಿ ಮಗ್ಗುಲಾಗುವುದು ಹೇಗೆ ಎಂಬುದನ್ನು ವಿವರಿಸಲಾಗಿತ್ತು. ಆ ಗುಂಪಿನವರಿಗೆ ಮಾರ್ಫಿನಿನಂತಹ ಔಷಧಿ ಇತರರಿಗಿಂತ ಸುಮಾರು ಅರ್ಧದಷ್ಟೇ ಸಾಕಾಯಿತು; ಸರಾಸರಿ 2.7 ದಿನ ಮೊದಲೇ ಅವರು ಮನೆಗೆ ಮರಳಿದರು.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರನ್ನು ಕಂಡು, ಮನದ ಅಂಜಿಕೆಯನ್ನು ತಿಳಿಸಿ, ಸಂಶಯಗಳನ್ನು ಪರಿಹರಿಸಿಕೊಳ್ಳೋಣ. ಹಾಸಿಗೆಯ ಬಳಿ ಕುಳಿತಿರುವ ನಾವು ರೋಗಿಗೆ ‘ತಡೆದುಕೊಳ್ಳಿ’ ಎನ್ನುವ ಬದಲು ದಾದಿಯರನ್ನು ಕರೆಯೋಣ.