‘ಬುಲ್ಲಿ’ ಎಂದರೆ ಯಾರು?

‘ಅವನು ನನ್ನನ್ನು ಬುಲ್ಲಿ ಮಾಡುತ್ತಾನೆ’ ಎಂದು ಮಕ್ಕಳು ಮನೆಗೆ ಬಂದು ಹೇಳಿದಾಗ, ‘ಮಕ್ಕಳ ಜಗಳ, ನಾಳೆಗೆ ಸರಿಯಾದೀತು’ ಎಂದು ನಾವು ಸುಮ್ಮನಾಗುವುದುಂಟು. ಈ ಪದದ ಅರ್ಥ ತಿಳಿದರೆ ಹಾಗೆ ಸುಮ್ಮನಿರಲು ಸಾಧ್ಯವಾಗದು.

16ನೇ ಶತಮಾನದ ಇಂಗ್ಲಿಷಿನಲ್ಲಿ ‘ಬುಲ್ಲಿ’ ಎಂಬುದು ಬೈಗುಳವಲ್ಲ, ಪ್ರೀತಿಯ ಮಾತು. ಪ್ರಿಯ, ಗೆಳೆಯ ಎಂಬುದೇ ಅದರ ಅರ್ಥವಾಗಿತ್ತು. ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ನೇಕಾರ ಬಾಟಮ್‌ನನ್ನು ಸಂಗಡಿಗರು ಹೀಗೆಯೇ ಕರೆಯುತ್ತಾರೆ. 17ನೇ ಶತಮಾನದ ಕೊನೆಯ ಹೊತ್ತಿಗೆ ಅರ್ಥ ತಿರುವುಮುರುವಾಯಿತು. ದುರ್ಬಲರನ್ನು ಬೆದರಿಸಿ ಪೀಡಿಸುವವನೇ ‘ಬುಲ್ಲಿ’ ಎನಿಸಿಕೊಂಡನು.

ಹಾಗಾದರೆ ಪ್ರತಿಯೊಂದು ಕೀಟಲೆಯೂ ಬುಲ್ಲಿಯಿಂಗ್ ಆಗುವುದೇ? ಇಲ್ಲ. 1970ರ ದಶಕದಿಂದ ಇದರ ಬಗ್ಗೆ ಅಧ್ಯಯನ ನಡೆಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಮೂರು ಲಕ್ಷಣಗಳನ್ನು ಗುರುತಿಸಿದರು. ನೋಯಿಸುವ ಉದ್ದೇಶ ಇರಬೇಕು. ಅದು ಮತ್ತೆ ಮತ್ತೆ ನಡೆಯಬೇಕು. ಇಬ್ಬರ ಬಲ ಸಮನಾಗಿರಬಾರದು. ಈ ಬಲ ತೋಳಿನದೇ ಆಗಬೇಕೆಂದಿಲ್ಲ. ವಯಸ್ಸು, ಹಣ, ಮಾತಿನ ಚಾತುರ್ಯ, ಹಿಂದೆ ನಿಲ್ಲುವ ಗುಂಪು, ಎಲ್ಲವೂ ಬಲವೇ. ಅಡ್ಡಹೆಸರಿಡುವುದು, ಆಟಕ್ಕೆ ಸೇರಿಸದಿರುವುದು, ಮೊಬೈಲಿನಲ್ಲಿ ಗೇಲಿ ಮಾಡುವುದು ಕೂಡ ಇದರಲ್ಲಿ ಸೇರುತ್ತದೆ.

ಮೂರನೆಯ ಲಕ್ಷಣವನ್ನೇ ನಾವು ಮರೆಯುವುದು. ಬಲ ಸಮನಿಲ್ಲದಲ್ಲಿ ‘ನೀವಿಬ್ಬರೇ ರಾಜಿ ಮಾಡಿಕೊಳ್ಳಿ’ ಎಂದರೆ ದುರ್ಬಲನನ್ನು ಮತ್ತೆ ಬಲಶಾಲಿಯ ಕೈಗೆ ಒಪ್ಪಿಸಿದಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆ ಇದನ್ನೇ ಹೇಳುತ್ತದೆ.

ನಾರ್ವೆ ದೇಶ ಇದನ್ನು ಕಲಿತದ್ದು ದೊಡ್ಡ ನೋವಿನಿಂದ. 1982ರಲ್ಲಿ ಅಲ್ಲಿನ ಮೂವರು ಹುಡುಗರು ಸಾವಿಗೆ ಶರಣಾದರು. ಸಹಪಾಠಿಗಳ ಕಿರುಕುಳವೇ ಕಾರಣವಿರಬೇಕೆಂಬ ಮಾತು ದೇಶವನ್ನೇ ಕಲಕಿತು. 1983ರಲ್ಲಿ ಸರಕಾರ ಎಲ್ಲಾ ಶಾಲೆಗಳಲ್ಲಿ ಅಭಿಯಾನ ಆರಂಭಿಸಿತು. ಬರ್ಗೆನ್ ನಗರದಲ್ಲಿ ಸುಮಾರು 2,500 ಮಕ್ಕಳನ್ನು ಗಮನಿಸಿದಾಗ, ಎರಡು ವರ್ಷಗಳಲ್ಲಿ ಇಂತಹ ಕಿರುಕುಳ ಸುಮಾರು ಅರ್ಧಕ್ಕೆ ಇಳಿದಿತ್ತು. ಹಿರಿಯರು ಮಧ್ಯೆ ಬಂದದ್ದೇ ಅದಕ್ಕೆ ಮುಖ್ಯ ಕಾರಣ.

ನಮ್ಮ ಕಾಲೇಜುಗಳಲ್ಲಿ ಇದರ ಒಂದು ರೂಪಕ್ಕೆ ರ‍್ಯಾಗಿಂಗ್ ಎಂದು ಹೆಸರು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ಅದರ ವಿರುದ್ಧ ಕಠಿಣ ನಿಯಮಗಳನ್ನು ತಂದಿತು. ಆದರೆ ಚಿಕ್ಕ ಮಕ್ಕಳ ವಿಷಯದಲ್ಲಿ ಮೊದಲ ಕಾವಲು ಹೆತ್ತವರು ಮತ್ತು ಕಲಿಸುವವರೇ.

ಆದುದರಿಂದ ಮಗು ಹೇಳಿದಾಗ ನಾವು ಮಧ್ಯೆ ಮಾತನಾಡದೆ ಕೇಳೋಣ. ‘ನೀನು ಏನು ಮಾಡಿದೆ?’ ಎಂದು ಮೊದಲೇ ಗದರಿಸುವುದು ಬೇಡ. ಶಾಲೆಗೆ ಹೋಗಿ ಮಾತನಾಡೋಣ. ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಪೀಡಿಸುವ ಮಗುವೂ ನಮ್ಮಲ್ಲೇ ಒಬ್ಬರ ಮಗು. ಅದನ್ನು ತಿದ್ದುವ ಹೊಣೆಯೂ ನಮ್ಮದೇ.